ಗೂಡಿನೊಳಗೆ ಕರುಳು ಬದಲಾಗುವಾಗ ಅದು ಸೋರುವುದಿಲ್ಲವೇಕೆ?

ರೇಷ್ಮೆ ಬೆಳೆಗಾರ, ಜಮಖಂಡಿ

ಎಲ್ಲರಿಗೂ ನಮಸ್ಕಾರ. ಕಬ್ಬಿನ ಜೊತೆಗೆ ಒಂದಿಷ್ಟು ಹಿಪ್ಪುನೇರಳೆ ಹಾಕಿಕೊಂಡು ದ್ವಿತಳಿ ರೇಷ್ಮೆಹುಳು ಸಾಕುತ್ತಿದ್ದೇನೆ. ಬಹಳ ದಿನಗಳಿಂದ ಮನಸ್ಸಿನಲ್ಲಿರುವ ಒಂದು ಪ್ರಶ್ನೆಯನ್ನು ತಿಳಿದವರ ಮುಂದೆ ಇಡುತ್ತಿದ್ದೇನೆ.

ಹುಳು ಹಣ್ಣಾದಾಗ ಸೊಪ್ಪು ತಿನ್ನುವುದನ್ನು ಬಿಡುತ್ತದೆ, ಹಿಕ್ಕೆ ಮೆತ್ತಗಾಗುತ್ತದೆ, ಮೈ ತುಸು ಕುಗ್ಗಿ ಬೆಳಕಿಗೆ ಹಿಡಿದರೆ ಒಳಗೆ ಕಾಣುವಷ್ಟು ತಿಳಿಯಾಗುತ್ತದೆ. ಗೂಡು ಕಟ್ಟಲು ಇಡುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಟ್ಟ ಮೇಲೆ ಉಳಿದದ್ದನ್ನೆಲ್ಲ ಹೊರಹಾಕಿ ನೂಲು ಬಿಡಲು ಆರಂಭಿಸುತ್ತದೆ. ಗೂಡಿನೊಳಗೆ ಸೇರಿದ ನಂತರ ಅದರ ಹಳೆಯ ಕರುಳು ಪೂರ್ತಿ ಸತ್ತು, ಪತಂಗಕ್ಕೆ ಬೇಕಾದ ಬೇರೆ ಕರುಳು ಬೆಳೆಯುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಹಳೆಯ ಕರುಳಿನ ಗೋಡೆ ಸತ್ತು ಬೀಳುವಾಗ ಅದರೊಳಗಿನ ರಸ, ಸೂಕ್ಷ್ಮಾಣುಗಳು ಎಲ್ಲವೂ ರಕ್ತಕ್ಕೆ ಸೇರಿ ಪ್ಯೂಪ (ಹುಳುವಿಗೂ ಪತಂಗಕ್ಕೂ ನಡುವಿನ ಹಂತ) ಸಾಯಬೇಕಲ್ಲವೇ? ಗೂಡು ಕತ್ತರಿಸಿ ನೋಡಿದರೆ ಪ್ಯೂಪ ಮಾತ್ರ ಚೆನ್ನಾಗಿ ಹೊರಳಾಡುತ್ತಿರುತ್ತದೆ. ಇದು ಹೇಗೆ ಸಾಧ್ಯ?

ಪ್ರಾಣಿಶಾಸ್ತ್ರ ಉಪನ್ಯಾಸಕಿ, ವಿಜಯಪುರ

ಅಣ್ಣಾವರೇ, ನೀವು ಕೇಳಿದ್ದು ರೂಪಾಂತರದ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ. ಐದನೇ ಹಂತದ ಹುಳುವಿನ ಮಧ್ಯಕರುಳಿನಲ್ಲಿರುವ ರಸದ ಪಿಎಚ್ ಸುಮಾರು 10ರಷ್ಟು ಇರುತ್ತದೆ, ಅಂದರೆ ತೀವ್ರ ಕ್ಷಾರ. ಅದೇ ಕರುಳನ್ನು ಹೊರಗಿನಿಂದ ತೊಯಿಸುವ ರಕ್ತರಸದ ಪಿಎಚ್ 7ಕ್ಕಿಂತ ಸ್ವಲ್ಪ ಕಡಿಮೆ. ಪಿಎಚ್‌ನಲ್ಲಿ ಒಂದು ಅಂಕ ಹೆಚ್ಚಾದರೆ ಹತ್ತು ಪಟ್ಟಿನ ವ್ಯತ್ಯಾಸವಾದ್ದರಿಂದ, ಗೋಡೆಯ ಈಚೆಗೂ ಆಚೆಗೂ ಸಾವಿರ ಪಟ್ಟಿಗಿಂತ ಹೆಚ್ಚಿನ ಅಂತರವಿದೆ. ಈ ಅಂತರವನ್ನು ಕಾಯುತ್ತಿರುವುದು ಒಂದೇ ಒಂದು ಜೀವಕೋಶದಷ್ಟು ದಪ್ಪವಿರುವ ಪದರ. ಮುಂಗರುಳು ಮತ್ತು ಹಿಂಗರುಳುಗಳಿಗೆ ಮೈಚರ್ಮದ ಮೇಲಿರುವಂಥದ್ದೇ ಕ್ಯೂಟಿಕಲ್ ಎಂಬ ರಕ್ಷಣಾ ಹೊದಿಕೆ ಒಳಗಡೆ ಇದೆ; ಮಧ್ಯಕರುಳಿಗೆ ಅದಿಲ್ಲ. ಅಲ್ಲಿ ಆಹಾರವನ್ನು ಸುತ್ತುವರಿದಿರುವ ಪೆರಿಟ್ರೋಫಿಕ್ ಪೊರೆಯು ಸೊಪ್ಪಿನ ಒರಟು ಚೂರುಗಳನ್ನೂ ಬಹುಪಾಲು ಸೂಕ್ಷ್ಮಾಣುಗಳನ್ನೂ ತಡೆಯಬಲ್ಲದೇ ಹೊರತು ಕ್ಷಾರವನ್ನಾಗಲಿ ಲವಣವನ್ನಾಗಲಿ ತಡೆಯಲಾರದು.

ಹಾಗಾಗಿ ಎಲ್ಲವೂ ನಿಂತಿರುವುದು ಒಂದು ಜೀವಕೋಶವು ಪಕ್ಕದ ಜೀವಕೋಶಕ್ಕೆ ಹೇಗೆ ಅಂಟಿಕೊಂಡಿದೆ ಎಂಬುದರ ಮೇಲೆ. ಈ ಜೋಡಣೆಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಅಡ್ಹೆರೆನ್ಸ್ ಜಂಕ್ಷನ್ ಎರಡು ಕೋಶಗಳನ್ನು ಬಲವಾಗಿ ಹಿಡಿದಿಡುತ್ತದೆ. ಇದರಲ್ಲಿ ಕ್ಯಾಡ್ಹೆರಿನ್ ಎಂಬ ಪ್ರೋಟೀನು ಎರಡೂ ಕಡೆಯಿಂದ ಕೈಚಾಚಿ ಹಿಡಿಯುತ್ತದೆ. ಗ್ಯಾಪ್ ಜಂಕ್ಷನ್‌ನಲ್ಲಿ ಸಣ್ಣ ಅಣುಗಳು ಮತ್ತು ಅಯಾನುಗಳು ಒಂದು ಕೋಶದ ಒಳಗಿನಿಂದ ನೇರವಾಗಿ ಇನ್ನೊಂದರ ಒಳಕ್ಕೆ ಹೋಗುವ ಸಣ್ಣ ನಾಳಗಳಿವೆ. ಕೀಟಗಳಲ್ಲಿ ಈ ನಾಳಗಳನ್ನು ಕಟ್ಟುವುದು ಇನ್ನೆಕ್ಸಿನ್ ಪ್ರೋಟೀನುಗಳು, ಬೆನ್ನೆಲುಬಿರುವ ಪ್ರಾಣಿಗಳಲ್ಲಾದರೆ ಕನೆಕ್ಸಿನ್‌ಗಳು. ಮೂರನೆಯದಾದ ಸೆಪ್ಟೇಟ್ ಜಂಕ್ಷನ್ ಸೋರಿಕೆಯನ್ನು ತಡೆಯುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇದರಲ್ಲಿಯೇ.

ಉತ್ತರವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಹಳೆಯ ಪದರ ಕಳಚುವ ಮೊದಲೇ ಅದರ ಬುಡದಲ್ಲಿ ಹೊಸ ಕೋಶಗಳು ತಮ್ಮತಮ್ಮಲ್ಲೇ ಜೋಡಣೆ ಮಾಡಿಕೊಂಡು ಇನ್ನೊಂದು ಪದರವಾಗಿರುತ್ತವೆ. ಹಳೆಯದು ಬೀಳುವುದು ಕರುಳಿನ ಒಳಕ್ಕೆ, ರಕ್ತದ ಕಡೆಗೆ ಅಲ್ಲ.

ರೇಷ್ಮೆ ಬೆಳೆಗಾರ, ಜಮಖಂಡಿ

ಮೇಡಂ ಅವರೇ, ತುಂಬಾ ಉಪಕಾರವಾಯಿತು. ನಮ್ಮ ಕಡೆ ಹಳೆಯ ಮಾಳಿಗೆಮನೆಯ ಜಂತಿಗಳು ಹುಳ ಹಿಡಿದಾಗ, ಮೇಲಿನ ಮಣ್ಣು ಇಳಿಸುವ ಮೊದಲು ಕೆಳಗಡೆ ಹೊಸ ತೊಲೆ, ಕಂಬ ಕೊಟ್ಟು ಭಾರ ಹೊರಿಸಿಕೊಳ್ಳುತ್ತಾರೆ. ಇದೂ ಅದೇ ಕ್ರಮ ಎಂದು ನಾನು ತಿಳಿದುಕೊಳ್ಳಬಹುದೇ? ಹಾಗಾದರೆ ಆ ಹೊಸ ಕೋಶಗಳು ಎಲ್ಲಿಂದ ಬರುತ್ತವೆ, ಮೊದಲಿನಿಂದಲೂ ಇದ್ದರೆ ಹುಳು ಸೊಪ್ಪು ತಿನ್ನುವ ದಿನಗಳಲ್ಲಿ ಅವು ಏನು ಮಾಡುತ್ತಿರುತ್ತವೆ?

ಎಂ.ಎಸ್ಸಿ. ವಿದ್ಯಾರ್ಥಿನಿ, ಬೆಳಗಾವಿ

ಮೇಡಂ, ನನ್ನದೂ ಒಂದು ಪ್ರಶ್ನೆ ಸೇರಿಸುತ್ತೇನೆ. ನಮ್ಮ ಕೋಶಜೀವಶಾಸ್ತ್ರದ ಪಾಠಗಳಲ್ಲಿ ಸೋರಿಕೆ ತಡೆಯುವ ಕೆಲಸವನ್ನು ಟೈಟ್ ಜಂಕ್ಷನ್ ಮಾಡುತ್ತದೆ, ಅದು ಕೋಶದ ಪಕ್ಕದಲ್ಲಿ ಎಲ್ಲಕ್ಕಿಂತ ಮೇಲೆ, ಅಂದರೆ ಒಳಾವಕಾಶದ ಕಡೆಗೆ ಇರುತ್ತದೆ, ಅದರ ಕೆಳಗೆ ಅಡ್ಹೆರೆನ್ಸ್ ಜಂಕ್ಷನ್ ಬರುತ್ತದೆ ಎಂದು ಓದಿದ್ದೇವೆ. ಕೀಟಗಳ ವಿಷಯ ಬಂದಾಗ ಸೆಪ್ಟೇಟ್ ಜಂಕ್ಷನ್ ಅಡ್ಹೆರೆನ್ಸ್‌ಗಿಂತ ಕೆಳಗಿರುತ್ತದೆ ಎಂಬ ಚಿತ್ರವನ್ನು ಕೊಡುತ್ತಾರೆ. ಕರುಳಿಗೂ ಈ ಚಿತ್ರ ಸರಿಹೊಂದುತ್ತದೆಯೇ?

ಪ್ರಾಣಿಶಾಸ್ತ್ರ ಉಪನ್ಯಾಸಕಿ, ವಿಜಯಪುರ

ಮೊದಲು ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಮುಂದಿನ ಮಾತಿಗೆ ಅದು ಬೇಕು. ಪಾಠದಲ್ಲಿರುವ ಕೀಟದ ಚಿತ್ರ ಹೊರಚರ್ಮದಿಂದ ಹುಟ್ಟಿದ ಅಂಗಾಂಶಗಳದ್ದು. ಮೈಚರ್ಮ, ಶ್ವಾಸನಾಳ, ಮುಂಗರುಳು, ಹಿಂಗರುಳು ಇವುಗಳಲ್ಲಿ ಸೆಪ್ಟೇಟ್ ಜಂಕ್ಷನ್ ನಿಜಕ್ಕೂ ಅಡ್ಹೆರೆನ್ಸ್‌ಗಿಂತ ಕೆಳಗಿದೆ, ಮತ್ತು ಅದು ಮಡಿಕೆಗಳಿರುವ ಬಗೆಯದು. ಮಧ್ಯಕರುಳು ಹುಟ್ಟುವುದು ಒಳಪದರದಿಂದ. ಅಲ್ಲಿರುವುದು ನಯವಾದ ಬಗೆಯ ಸೆಪ್ಟೇಟ್ ಜಂಕ್ಷನ್. ಎರಡರಲ್ಲಿಯೂ ಪಕ್ಕಪಕ್ಕದ ಪೊರೆಗಳು ಸುಮಾರು 15ರಿಂದ 20 ನ್ಯಾನೋಮೀಟರ್ ಅಂತರದಲ್ಲಿ ಸಮಾನಾಂತರವಾಗಿ ಸಾಗುತ್ತವೆ, ನಡುವಿನ ಜಾಗವನ್ನು ಅಡ್ಡಪಟ್ಟಿಗಳು ಒಂದರ ಹಿಂದೆ ಒಂದರಂತೆ ದಾಟುತ್ತವೆ. ಒಂದು ಪಟ್ಟಿಯನ್ನು ದಾಟಿದ ಅಣುವಿಗೆ ಇನ್ನೊಂದು ಎದುರಾಗುವುದರಿಂದ ಸೋರಿಕೆ ನಿಲ್ಲುತ್ತದೆ. ಪ್ರೋಟೀನುಗಳು ಮಾತ್ರ ಬೇರೆಬೇರೆ. ಮಡಿಕೆಯ ಬಗೆಯಲ್ಲಿ ನ್ಯೂರೆಕ್ಸಿನ್ 4, ಕೊರಾಕಲ್ ಮೊದಲಾದವು ಇವೆ. ನಯವಾದ ಬಗೆಗೆ ಬೇಕಾದ ಸ್ನೇಕ್‌ಸ್ಕಿನ್ ಮತ್ತು ಮೆಶ್ ಎಂಬ ಪ್ರೋಟೀನುಗಳನ್ನು 2012ರಲ್ಲಿಯೂ ಟಿಎಸ್‌ಪಿ2ಎ ಎಂಬುದನ್ನು 2016ರಲ್ಲಿಯೂ ಜಪಾನಿನ ಸಂಶೋಧಕರು ಹಣ್ಣುನೊಣದಲ್ಲಿ ಗುರುತಿಸಿದರು. ಈ ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ಉಳಿದೆರಡು ತಮ್ಮ ಜಾಗದಲ್ಲಿ ನಿಲ್ಲುವುದಿಲ್ಲ.

ಇನ್ನು ಸ್ಥಾನದ ಮಾತು. ಬೆಳೆದ ಹಣ್ಣುನೊಣದ ಮಧ್ಯಕರುಳಿನಲ್ಲಿ ಸೆಪ್ಟೇಟ್ ಜಂಕ್ಷನ್ ಅಡ್ಹೆರೆನ್ಸ್‌ಗಿಂತ ಮೇಲೆ, ಅಂದರೆ ನಮ್ಮ ಕರುಳಿನ ಟೈಟ್ ಜಂಕ್ಷನ್ ಇರುವ ಜಾಗದಲ್ಲಿಯೇ ಇದೆ ಎಂಬುದನ್ನು ಕೇಂಬ್ರಿಡ್ಜಿನ ತಂಡವೊಂದು 2018ರಲ್ಲಿ ವಿವರವಾಗಿ ತೋರಿಸಿತು. ಆದ್ದರಿಂದ ಒಂದೇ ಚಿತ್ರವನ್ನು ಇಡೀ ಕೀಟಕ್ಕೆ ಹೊಂದಿಸಬೇಡ, ತಂಗಿ. ಮುಂಗರುಳು ಮಧ್ಯಕರುಳನ್ನು ಸೇರುವ ಗಡಿಯಲ್ಲಿ ಜೋಡಣೆಯ ಬಗೆಯೇ ಬದಲಾಗುತ್ತದೆ.

ಬೆಳೆಗಾರ ಅಣ್ಣಾವರೇ, ಮಾಳಿಗೆಯ ಹೋಲಿಕೆ ಬಹಳ ಮಟ್ಟಿಗೆ ಸರಿ. ಹೊಸ ಕೋಶಗಳು ಮೊದಲಿನಿಂದಲೂ ಇರುತ್ತವೆ. ಮಧ್ಯಕರುಳಿನಲ್ಲಿ ಆಹಾರ ಹೀರುವ ಕಂಬದಾಕಾರದ ಕೋಶಗಳು, ಪೊಟ್ಯಾಸಿಯಂ ಅನ್ನು ಒಳಕ್ಕೆ ಸಾಗಿಸುವ ಗಾಬ್ಲೆಟ್ ಕೋಶಗಳು, ಅಲ್ಲಲ್ಲಿ ಹಾರ್ಮೋನು ಸ್ರವಿಸುವ ಕೋಶಗಳು ಇವೆ. ಇವೆಲ್ಲದರ ಬುಡದಲ್ಲಿ ಚಿಕ್ಕ ಆಕರ ಕೋಶಗಳು (ಸ್ಟೆಮ್ ಸೆಲ್) ಕಾದುಕೊಂಡಿರುತ್ತವೆ. ನೀವು ಜ್ವರ ಎಂದು ಕರೆಯುವ ನಾಲ್ಕೂ ಪೊರೆಬಿಡುವ ಕಾಲಗಳಲ್ಲಿ ಈ ಆಕರ ಕೋಶಗಳು ವಿಭಜನೆಗೊಂಡು ಹೆಚ್ಚಾಗಿ, ಹಳೆಯ ಕೋಶಗಳ ನಡುವೆ ಸಂದಿ ಮಾಡಿಕೊಂಡು ಮೇಲೇರುತ್ತವೆ. ಹುಳು ತಲೆಯೆತ್ತಿ ಅಲುಗಾಡದೆ ನಿಂತಿರುವಾಗ ಅದರ ಕರುಳಿನ ಗೋಡೆಯಲ್ಲಿ ಇಷ್ಟೆಲ್ಲ ನಡೆಯುತ್ತಿರುತ್ತದೆ. ಹೊಸದು ಎರಡು ಹಳೆಯವುಗಳ ಮಧ್ಯೆ ಸೇರಿ ಎರಡೂ ಬದಿಯಲ್ಲಿ ಸೆಪ್ಟೇಟ್ ಜಂಕ್ಷನ್ ಕಟ್ಟಿಕೊಳ್ಳುತ್ತದೆ, ಹೀಗೆ ಕರುಳು ದೊಡ್ಡದಾಗುತ್ತದೆ.

ಹುಳು ಹಣ್ಣಾದಾಗ ನಡೆಯುವುದೇ ಬೇರೆ. ಅದೇ ಆಕರ ಕೋಶಗಳು ಮತ್ತೆ ಹೆಚ್ಚಾಗುತ್ತವೆ, ಆದರೆ ಈ ಬಾರಿ ಹಳೆಯ ಕೋಶಗಳ ನಡುವೆ ನುಗ್ಗಿ ಅವುಗಳ ಸಾಲಿನಲ್ಲಿ ನಿಲ್ಲುವುದಿಲ್ಲ. ಬುಡದಲ್ಲಿಯೇ ಹರಡಿ, ಒಂದು ಇನ್ನೊಂದನ್ನು ಮುಟ್ಟಿ, ತಮ್ಮತಮ್ಮಲ್ಲೇ ಜೋಡಣೆ ಕಟ್ಟಿಕೊಳ್ಳುತ್ತವೆ. ನನ್ನ ದೃಷ್ಟಿಯಲ್ಲಿ ಕರುಳಿನ ರೂಪಾಂತರದ ತಿರುಳು ಇದೇ. ಹೊಸ ಕೋಶ ಯಾರೊಡನೆ ಜೋಡಿಯಾಗುತ್ತದೆ ಎಂಬುದರಿಂದಲೇ, ಹುಳು ಹುಳುವಾಗಿ ಬೆಳೆಯುತ್ತದೆಯೋ ಪ್ಯೂಪವಾಗುತ್ತದೆಯೋ ಎಂಬುದು ಕರುಳಿನ ಮಟ್ಟದಲ್ಲಿ ಕಾಣಿಸುತ್ತದೆ. ಇದರ ಹಿಂದಿರುವುದು ಎರಡು ಹಾರ್ಮೋನುಗಳ ಲೆಕ್ಕ: ಜುವೆನೈಲ್ ಹಾರ್ಮೋನು ಇರುವಾಗ ಎಕ್ಡಿಸೋನ್ ಏರಿದರೆ ಜ್ವರ, ಅದು ಇಲ್ಲದಾಗ ಏರಿದರೆ ರೂಪಾಂತರ.

ರೇಷ್ಮೆ ಬೆಳೆಗಾರ, ಜಮಖಂಡಿ

ಒಂದಷ್ಟು ಹುಳು ಹಣ್ಣಾದ ಕೂಡಲೇ ಸೊಪ್ಪಿಗೆ ಸಿಂಪಡಿಸುವ ‘ಸಂಪೂರ್ಣ’ ಎಂಬ ದ್ರಾವಣ ನಮಗೆ ಸಿಗುತ್ತದೆ. ಅದರಿಂದ ಎಲ್ಲ ಹುಳುಗಳೂ ಒಟ್ಟಿಗೆ ಹಣ್ಣಾಗುತ್ತವೆ, ಚಂದ್ರಿಕೆಗೆ ಬಿಡುವ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ಅದು ಇದೇ ಹಾರ್ಮೋನೇ?

ಪ್ರಾಣಿಶಾಸ್ತ್ರ ಉಪನ್ಯಾಸಕಿ, ವಿಜಯಪುರ

ಹೌದು, ಅದು ಗಿಡಗಳಿಂದ ತೆಗೆದ, ಎಕ್ಡಿಸೋನ್ ಗುಂಪಿಗೇ ಸೇರಿದ ವಸ್ತು. ಎಕ್ಡಿಸೋನ್ ಮೊದಲು ಶುದ್ಧ ರೂಪದಲ್ಲಿ ದೊರೆತದ್ದೂ ರೇಷ್ಮೆ ಪ್ಯೂಪಗಳಿಂದಲೇ. ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 1954ರಲ್ಲಿ ಸುಮಾರು 500 ಕಿಲೋ ಪ್ಯೂಪಗಳನ್ನು ಸಂಸ್ಕರಿಸಿ ಕೇವಲ 25 ಮಿಲಿಗ್ರಾಂ ಹರಳನ್ನು ಪಡೆದರು.

ನಿವೃತ್ತ ಸಂಶೋಧಕ, ಟಿಳಕವಾಡಿ, ಬೆಳಗಾವಿ

ಚರ್ಚೆಯನ್ನು ಸಂತೋಷದಿಂದ ಓದುತ್ತಿದ್ದೇನೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕೀಟಗಳ ಅಂಗಾಂಶ ನೋಡುವುದೇ ನನ್ನ ಕೆಲಸವಾಗಿತ್ತಾದ್ದರಿಂದ ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು, ಈ ಜೋಡಣೆಗಳು ಕಣ್ಣಿಗೆ ಹೇಗೆ ಕಾಣುತ್ತವೆ ಎಂಬುದು. ಅಂಗಾಂಶವನ್ನು ಸ್ಥಿರೀಕರಿಸುವಾಗ ಲ್ಯಾಂಥನಂ ಲವಣವನ್ನು ಬೆರೆಸಿದರೆ ಅದು ಕೋಶಗಳ ನಡುವಿನ ಸಂದಿಯನ್ನು ತುಂಬುತ್ತದೆ. ಎಲೆಕ್ಟ್ರಾನುಗಳನ್ನು ಅದು ತಡೆಯುವುದರಿಂದ ಸಂದಿ ಕಪ್ಪಾಗಿ, ಅಡ್ಡಪಟ್ಟಿಗಳು ಬಿಳಿಗೆರೆಗಳಾಗಿ ಕಾಣುತ್ತವೆ. ಕತ್ತರಿಕೆ ಪೊರೆಗೆ ಸಮತಲವಾಗಿ ಬಿದ್ದಿದ್ದರೆ ನಯವಾದ ಬಗೆಯಲ್ಲಿ ಆ ಗೆರೆಗಳು ನೇರವಾಗಿ ಸಾಲುಗಟ್ಟಿರುತ್ತವೆ, ಮಡಿಕೆಯ ಬಗೆಯಲ್ಲಿ ಅಂಕುಡೊಂಕಾಗಿರುತ್ತವೆ. ಆ ಎರಡು ಗೆರೆಗಳ ವಿನ್ಯಾಸವನ್ನು ಒಮ್ಮೆ ಕಣ್ಣಾರೆ ಕಂಡವರು ಮಧ್ಯಕರುಳನ್ನೂ ಹಿಂಗರುಳನ್ನೂ ಒಂದೇ ಎಂದು ಎಂದಿಗೂ ಹೇಳಲಾರರು.

ಎರಡನೆಯದು ಒಂದು ಎಚ್ಚರಿಕೆ. ಪತಂಗವನ್ನೂ ಹಣ್ಣುನೊಣವನ್ನೂ ಒಂದೇ ಉಸಿರಿನಲ್ಲಿ ಹೇಳಬಾರದು. ಹಣ್ಣುನೊಣದ ಮರಿಯಲ್ಲಿ ಮುಂದಿನ ಕರುಳಿಗೆ ಬೇಕಾದ ಕೋಶಗಳು ಸಣ್ಣ ಸಣ್ಣ ಗುಂಪುಗಳಾಗಿ ಇರುತ್ತವೆ, ಪ್ರತಿ ಗುಂಪನ್ನೂ ಪರಿಧಿಯ ಕೋಶಗಳು ಸುತ್ತುವರಿದು, ಗುಂಪಿನ ಒಳಗಿರುವವು ಕಾಲಕ್ಕೆ ಮೊದಲೇ ಬಲಿಯದಂತೆ ಕಾಯುತ್ತವೆ. ಈ ಕಾವಲಿನ ವಿಷಯ 2010ರಲ್ಲಿ ಪ್ರಕಟವಾಯಿತು. ಪ್ಯೂಪವಾಗುವ ಹೊತ್ತಿಗೆ ಆ ಪರಿಧಿಯ ಕೋಶಗಳೇ ಬಿಚ್ಚಿಕೊಂಡು ಒಂದು ತಾತ್ಕಾಲಿಕ ಪದರವಾಗುತ್ತವೆ, ಅದರ ಹೊರಗಡೆ ಬೆಳೆದ ನೊಣದ ಕರುಳು ಸಿದ್ಧವಾಗುತ್ತದೆ. ಅಂದರೆ ಅಲ್ಲಿ ಸೋರಿಕೆ ತಡೆಯುವ ಮುದ್ರೆ ಒಮ್ಮೆಯಲ್ಲ, ಎರಡು ಬಾರಿ ಕೈಬದಲಾಗುತ್ತದೆ. ಸಾವಿನ ರೀತಿಯಲ್ಲಿಯೂ ವ್ಯತ್ಯಾಸವಿದೆ. ಹಣ್ಣುನೊಣದಲ್ಲಿ ಮರಿಯ ಕರುಳು ಅಳಿಯಲು ಕೋಶಗಳ ಸ್ವಭಕ್ಷಣೆಯೇ ಅಗತ್ಯ ಎಂದು 2009ರಲ್ಲಿ ಆಸ್ಟ್ರೇಲಿಯಾದ ತಂಡ ತೋರಿಸಿತು. ರೇಷ್ಮೆಹುಳುವಿನಲ್ಲಾದರೆ ಸ್ವಭಕ್ಷಣೆ ಮೊದಲು, ಅಪಾಪ್ಟೋಸಿಸ್ (ಕೋಶದ ಯೋಜಿತ ಸಾವು) ಆಮೇಲೆ ಎಂದು ಇಟಲಿಯ ಸಂಶೋಧಕರು 2012ರಲ್ಲಿ ವಿವರಿಸಿದರು. ಹುಳು ನೂಲು ಬಿಡುತ್ತಿರುವಾಗಲೇ ಅದರ ಕರುಳಿನ ಕೋಶಗಳು ತಮ್ಮನ್ನು ತಾವೇ ಕರಗಿಸಿಕೊಳ್ಳಲು ಆರಂಭಿಸಿರುತ್ತವೆ.

ಎಂ.ಎಸ್ಸಿ. ವಿದ್ಯಾರ್ಥಿನಿ, ಬೆಳಗಾವಿ

ಗುರುಗಳೇ, ಇದನ್ನು ಓದಿದ ಮೇಲೆ ನಮ್ಮ ಪ್ರಯೋಗಾಲಯದಲ್ಲಿ ಗೂಡಿನಿಂದ ಹೊರತೆಗೆದ ಹೊಸ ಪ್ಯೂಪವನ್ನು ಲವಣದ್ರಾವಣದಲ್ಲಿಟ್ಟು, ಬೆನ್ನಿನ ನಡುಗೆರೆಯುದ್ದಕ್ಕೂ ಕತ್ತರಿಸಿ ನೋಡಿದೆ. ಮೊದಲು ಕಣ್ಣಿಗೆ ಬೀಳುವುದು ಕೆನೆಬಣ್ಣದ ಕೊಬ್ಬಿನ ಚೂರುಗಳು. ಅವನ್ನು ಸಣ್ಣ ಕುಂಚದಿಂದ ಸರಿಸಿದರೆ ಅಡಿಯಲ್ಲಿ ಮಧ್ಯಕರುಳು ಸಿಗುತ್ತದೆ. ಐದನೇ ಹಂತದ ಹುಳುವಿನಲ್ಲಿ ದೇಹದ ಬಹುಭಾಗವನ್ನು ಆಕ್ರಮಿಸಿದ್ದ ಆ ದಪ್ಪ ಕೊಳವೆ ಈಗ ಕುಗ್ಗಿದ ತೆಳುವಾದ ಚೀಲವಾಗಿದೆ. ಒಳಗಿರುವುದು ಅದರ ಗೋಡೆಯ ಮೂಲಕವೇ ಹಳದಿಮಿಶ್ರಿತ ಕಂದುಬಣ್ಣದ ಮುದ್ದೆಯಾಗಿ ಕಾಣುತ್ತಿತ್ತು. ಸೂಜಿಯ ಮೊನೆಯಿಂದ ಗೋಡೆಯನ್ನು ಸೀಳಿದಾಗ ಆ ಮುದ್ದೆ ಗೋಡೆಗೆ ಎಲ್ಲಿಯೂ ಅಂಟಿಕೊಂಡಿರಲಿಲ್ಲ, ಪೂರ್ತಿಯಾಗಿ ಬಿಡಿಸಿಕೊಂಡು ಹೊರಬಂತು. ಇದೇ ಹಳೆಯ ಕರುಳಿನ ಪದರವೇ?

ಸೀಳುವ ಮೊದಲು ಆ ಚೀಲದ ಎರಡೂ ತುದಿಗಳನ್ನು ದಾರದಿಂದ ಕಟ್ಟಿ, ಒಳಗೆ ನೀಲಿ ಬಣ್ಣ ತುಂಬಿ, ಹೊರಗಿನ ದ್ರಾವಣಕ್ಕೆ ಬಣ್ಣ ಸೋರುತ್ತದೆಯೇ ಎಂದು ನೋಡಿದರೆ ಹೊಸ ಪದರದ ಮುದ್ರೆ ಸಿದ್ಧವಾಗಿದೆಯೋ ಇಲ್ಲವೋ ತಿಳಿಯಬಹುದಲ್ಲವೇ?

ನಿವೃತ್ತ ಸಂಶೋಧಕ, ಬೆಳಗಾವಿ

ನೀನು ಕಂಡದ್ದು ಹಳದಿ ಕಾಯ ಎಂದೇ ಕೀಟಶಾಸ್ತ್ರಜ್ಞರು ಕರೆಯುವ ವಸ್ತು. ಕಳಚಿಬಿದ್ದ ಹಳೆಯ ಪದರವೇ ಅದು. ಅದರ ಸುತ್ತ ಇರುವ ತೆಳುವಾದ ಗೋಡೆ ಹೊಸ ಕೋಶಗಳದ್ದು. ಆ ಮುದ್ದೆ ಸುಮ್ಮನೆ ಬಿದ್ದಿರುವುದಿಲ್ಲ. ಒಳಗೇ ಜೀರ್ಣವಾಗಿ ಅದರ ಸತ್ವವನ್ನು ಹೊಸ ಪದರ ಹೀರಿಕೊಳ್ಳುತ್ತದೆ. ಏನನ್ನೂ ತಿನ್ನದ ಪ್ಯೂಪಕ್ಕೆ ಅದೂ ಒಂದು ಆಹಾರವೇ.

ಬಣ್ಣದ ಪ್ರಯೋಗ ಮಾಡಬಹುದು, ಆದರೆ ದೇಹದಿಂದ ಬೇರ್ಪಡಿಸಿದ ಕರುಳಿಗೆ ಶ್ವಾಸನಾಳಗಳ ಮೂಲಕ ಬರುತ್ತಿದ್ದ ಆಮ್ಲಜನಕ ಕಡಿದುಹೋಗಿರುತ್ತದೆ. ಹೊತ್ತು ಕಳೆದಂತೆ ಕೋಶಗಳು ಸೊರಗುತ್ತವೆ. ಆಗ ಸೋರಿದ ಬಣ್ಣವನ್ನು ನೋಡಿ ಜೋಡಣೆ ಸಡಿಲವಾಗಿದೆ ಎಂದು ತೀರ್ಮಾನಿಸಬಾರದು. ದ್ರಾವಣಕ್ಕೆ ಗಾಳಿ ಹಾಯಿಸು, ಕೆಲಸವನ್ನು ಬೇಗ ಮುಗಿಸು, ಮತ್ತು ಅದೇ ದಿನ ಸೊಪ್ಪು ತಿನ್ನುತ್ತಿರುವ ಹುಳುವಿನ ಕರುಳನ್ನೂ ಹಾಗೆಯೇ ಕಟ್ಟಿ ಪಕ್ಕದಲ್ಲಿಡು. ಬದುಕಿರುವ ಪ್ರಾಣಿಯಲ್ಲಿಯೇ ನೋಡಬೇಕೆಂದರೆ ಹಣ್ಣುನೊಣ ಒಳ್ಳೆಯದು. ನೀಲಿ ಆಹಾರಬಣ್ಣ ತಿನ್ನಿಸಿದಾಗ ಕರುಳು ಗಟ್ಟಿಯಿದ್ದರೆ ಬಣ್ಣ ಹೊಟ್ಟೆಯೊಳಗೇ ಉಳಿಯುತ್ತದೆ, ಸೋರುವ ಕರುಳಿದ್ದರೆ ನೊಣದ ಮೈಯೆಲ್ಲ ನೀಲಿಯಾಗುತ್ತದೆ. ಮುದಿ ನೊಣಗಳಲ್ಲಿ ಸಾವಿಗೆ ಸ್ವಲ್ಪ ಮೊದಲು ಹೀಗಾಗುವುದನ್ನು ಕಂಡಿದ್ದಾರೆ.

ತೊಗರಿ ಬೆಳೆಗಾರ, ಇಂಡಿ

ನಮ್ಮ ಕಡೆ ಎಲ್ಲರ ತಲೆನೋವು ತೊಗರಿಯ ಕಾಯಿಕೊರಕ. ಅದೂ ಪತಂಗದ ಮರಿಯೇ ಆದ್ದರಿಂದ ಕೇಳುತ್ತೇನೆ. ಬಿಟಿ ಎಂಬ ಬ್ಯಾಕ್ಟೀರಿಯಾದ ಪುಡಿ ಹೊಡೆದರೆ ಅದರ ಕರುಳು ಒಡೆಯುತ್ತದೆ ಎನ್ನುತ್ತಾರೆ. ಒಡೆಯುವುದು ನೀವು ಹೇಳುತ್ತಿರುವ ಜೋಡಣೆಯೇ? ಬಲಿತ ಹುಳುವಿಗೆ ಹೊಡೆದರೆ ಫಲ ಸಿಗದಿರುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಪ್ರಾಣಿಶಾಸ್ತ್ರ ಉಪನ್ಯಾಸಕಿ, ವಿಜಯಪುರ

ಬಿಟಿ ವಿಷ ಮೊದಲು ತಾಗುವುದು ಜೋಡಣೆಗಲ್ಲ, ಕಂಬದಾಕಾರದ ಕೋಶದ ಮೇಲ್ಮೈಗೆ. ಕರುಳಿನ ಕ್ಷಾರದಲ್ಲಿ ಕರಗಿ, ಅಲ್ಲಿನ ಕಿಣ್ವಗಳಿಂದ ಕತ್ತರಿಸಲ್ಪಟ್ಟು, ಕ್ಯಾಡ್ಹೆರಿನ್ ಬಗೆಯ ಒಂದು ಪ್ರೋಟೀನು ಸೇರಿದಂತೆ ಕೆಲವು ಗ್ರಾಹಕಗಳಿಗೆ ಅಂಟಿ, ಪೊರೆಯಲ್ಲಿ ರಂಧ್ರ ಮಾಡುತ್ತದೆ. ಕೋಶ ಊದಿಕೊಂಡು ಒಡೆದ ಮೇಲೆ ಗೋಡೆಯಲ್ಲಿ ಬಿರುಕು ಬಿಡುತ್ತದೆ, ಸೂಕ್ಷ್ಮಾಣುಗಳು ರಕ್ತಕ್ಕೆ ಇಳಿಯುತ್ತವೆ. ರೇಷ್ಮೆ ಬೆಳೆಗಾರ ಅಣ್ಣಾವರು ಮೊದಲು ಕೇಳಿದ ಅನಾಹುತ ನಿಜವಾಗಿ ನಡೆಯುವುದು ಇಲ್ಲಿ. ಅಲ್ಪ ಪ್ರಮಾಣದ ವಿಷವಾದರೆ ಆಕರ ಕೋಶಗಳು ಹೆಚ್ಚಾಗಿ ಸತ್ತವುಗಳ ಜಾಗ ತುಂಬುತ್ತವೆ, ಹುಳು ಚೇತರಿಸಿಕೊಳ್ಳುತ್ತದೆ. ಬಲಿತ ಹುಳುವಿನ ಮೈಗೆ ಬೇಕಾಗುವ ಪ್ರಮಾಣವೇ ಹೆಚ್ಚು. ಮಣ್ಣಿಗಿಳಿದು ಪ್ಯೂಪವಾಗಲು ಹೊರಟದ್ದಂತೂ ತಿನ್ನುವುದನ್ನೇ ಬಿಟ್ಟಿರುವುದರಿಂದ ವಿಷ ಒಳಗೆ ಹೋಗುವ ದಾರಿಯೇ ಮುಚ್ಚಿರುತ್ತದೆ. ಆದ್ದರಿಂದ ಮೊಟ್ಟೆಯೊಡೆದ ಸಣ್ಣ ಮರಿಗಳಿದ್ದಾಗಲೇ ಹೊಡೆಯಬೇಕು.

ಎಂ.ಎಸ್ಸಿ. ವಿದ್ಯಾರ್ಥಿನಿ, ಬೆಳಗಾವಿ

ಮೇಡಂ, ಒಂದು ವಿಷಯ ಇನ್ನೂ ಬಿಡಿಸಿಕೊಂಡಿಲ್ಲ. ಜ್ವರದ ಕಾಲದಲ್ಲಿ ಹೊಸ ಕೋಶ ಎರಡು ಹಳೆಯವುಗಳ ನಡುವೆ ನುಗ್ಗುತ್ತದೆ ಎಂದಿರಿ. ನುಗ್ಗಬೇಕಾದರೆ ಅವೆರಡರ ನಡುವಿನ ಜೋಡಣೆ ಬಿಚ್ಚಲೇಬೇಕಲ್ಲವೇ? ಬಿಚ್ಚಿದ ಕ್ಷಣದಲ್ಲಿ ಸೋರದಿರುವುದು ಹೇಗೆ?

ಪ್ರಾಣಿಶಾಸ್ತ್ರ ಉಪನ್ಯಾಸಕಿ, ವಿಜಯಪುರ

ಬಹಳ ಒಳ್ಳೆಯ ಪ್ರಶ್ನೆ. ಇದರ ಅತ್ಯಂತ ಸ್ಪಷ್ಟ ಉತ್ತರ ಬೆಳೆದ ಹಣ್ಣುನೊಣದಿಂದ ಬಂದಿದೆ. ಅದರ ಕರುಳಿನಲ್ಲಿ ಆಕರ ಕೋಶಗಳಿವೆ ಎಂದು 2006ರಲ್ಲಿ ಎರಡು ತಂಡಗಳು ತೋರಿಸಿದ್ದವು. ಅವುಗಳ ಮರಿಕೋಶ ಪದರದೊಳಗೆ ಸೇರುವ ಬಗೆಯನ್ನು 2022ರಲ್ಲಿ ಕೇಂಬ್ರಿಡ್ಜಿನವರು ಹಂತಹಂತವಾಗಿ ಬಿಡಿಸಿದರು. ಮರಿಕೋಶವು ಬುಡದಿಂದ ಮೇಲೇರಿ, ಎರಡು ಹಳೆಯ ಕೋಶಗಳ ನಡುವಿನ ಸೆಪ್ಟೇಟ್ ಜಂಕ್ಷನ್‌ನ ಕೆಳಗೆ ಬಂದು ನಿಲ್ಲುತ್ತದೆ. ಮೇಲಿನ ಮುದ್ರೆ ಹಾಗೆಯೇ ಇರುವಾಗ ಅದು ಎರಡೂ ನೆರೆಯವರೊಡನೆ ತನ್ನ ಸೆಪ್ಟೇಟ್ ಜಂಕ್ಷನ್‌ಗಳನ್ನು ಕಟ್ಟಿಕೊಳ್ಳುತ್ತದೆ. ಇದರ ಜೊತೆಜೊತೆಗೇ, ಹಳೆಯ ಮುದ್ರೆಯ ಅಡಿಯಲ್ಲಿ ಒಂದು ಪುಟ್ಟ ಟೊಳ್ಳು ಮೂಡಿ, ಅಲ್ಲಿ ಹೊಸ ಕೋಶದ ಮೇಲ್ಮೈ ರೂಪುಗೊಳ್ಳುತ್ತದೆ. ಎಲ್ಲಕ್ಕಿಂತ ಕೊನೆಗೆ ಮೇಲಿನ ಹಳೆಯ ಜೋಡಣೆ ಬಿಚ್ಚಿ, ಟೊಳ್ಳು ಕರುಳಿನ ಒಳಾವಕಾಶಕ್ಕೆ ತೆರೆದುಕೊಳ್ಳುತ್ತದೆ. ಒಂದು ಕ್ಷಣವೂ ಸಂದಿ ಬರಿದಾಗಿರುವುದಿಲ್ಲ. ಒಂದೇ ಕೋಶ ಸೇರುವಾಗಲೂ ಇಡೀ ಪದರವೇ ಬದಲಾಗುವಾಗಲೂ ಕ್ರಮ ಒಂದೇ ಆಗಿರುವುದು ನನಗೆ ಪ್ರತಿ ವರ್ಷ ಪಾಠ ಮಾಡುವಾಗಲೂ ಬೆರಗು ತರಿಸುತ್ತದೆ.

ಇದೇ ಕಾರಣಕ್ಕೆ, ಪ್ಯೂಪದೊಳಗೆ ಹುಳು ಕರಗಿ ಗಂಜಿಯಾಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವುದನ್ನು ನಾವು ನಿಲ್ಲಿಸಬೇಕು. ಕರುಳು, ಶ್ವಾಸನಾಳ, ನರಮಂಡಲ ಯಾವುದೂ ಗಂಜಿಯಾಗುವುದಿಲ್ಲ.

ರೇಷ್ಮೆ ಬೆಳೆಗಾರ, ಜಮಖಂಡಿ

ಕೊನೆಯದಾಗಿ ನನ್ನ ಕಸುಬಿಗೆ ಸಂಬಂಧಿಸಿದ ಒಂದು ಮಾತು ಕೇಳಿಬಿಡುತ್ತೇನೆ. ಅವಸರದಲ್ಲಿ ಗೂಡು ಬೇಗ ಬಿಡಿಸಿದರೆ ಕೆಲವು ಗೂಡುಗಳು ಒಳಗಿನಿಂದ ಕಲೆಯಾಗುತ್ತವೆ, ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಸಿಗುವುದಿಲ್ಲ. ಬೇಸಿಗೆಯಲ್ಲಿ ಇದು ಇನ್ನೂ ಹೆಚ್ಚು. ಅದು ಕರುಳು ಸೋರಿದ್ದರಿಂದ ಆಗುವುದೇ?

ನಿವೃತ್ತ ಸಂಶೋಧಕ, ಬೆಳಗಾವಿ

ಬೇಗ ಬಿಡಿಸಿದ ಗೂಡಿನಲ್ಲಿ ಮುಖ್ಯವಾಗಿ ಒಡೆಯುವುದು ಹೊಸದಾಗಿ ಪೊರೆಬಿಟ್ಟ ಪ್ಯೂಪದ ಮೈಚರ್ಮ. ಅದು ಬಿಳಿಹಳದಿಯಾಗಿ ಬಹಳ ಮೆತ್ತಗಿರುತ್ತದೆ, ಗೂಡುಗಳು ಒಂದರ ಮೇಲೊಂದು ಬಿದ್ದರೂ ಸಾಕು, ಬಿರಿದು ರಕ್ತರಸ ನೂಲಿಗೆ ತಾಗುತ್ತದೆ. ಬಿಸಿಲಿನ ತಾಪಕ್ಕೋ ರೋಗಕ್ಕೋ ಗೂಡಿನೊಳಗೇ ಸತ್ತ ಹುಳುವಿನಲ್ಲಿ ಮಾತ್ರ ಕೋಶಗಳ ಜೋಡಣೆಗಳೂ ಕರುಳೂ ಚರ್ಮವೂ ಎಲ್ಲವೂ ಕೊಳೆತು, ದ್ರವವೆಲ್ಲ ಹೊರಬಂದು ಗೂಡು ಕರಗಿದಂತಾಗುತ್ತದೆ. ಚರ್ಮ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗುವವರೆಗೆ, ಅಂದರೆ ಚಂದ್ರಿಕೆಗೆ ಬಿಟ್ಟ ಆರೇಳು ದಿನ, ಗೂಡನ್ನು ಕದಲಿಸಬೇಡಿ. ಆ ದಿನಗಳಲ್ಲಿ ಚಂದ್ರಿಕೆಯ ಕೋಣೆಗೆ ಗಾಳಿ ಆಡುವಂತಿರಲಿ, ತಾಪ 25 ಡಿಗ್ರಿಯ ಆಸುಪಾಸಿನಲ್ಲಿರಲಿ. ಬಿಡಿಸುವ ಮೊದಲು ಅಲ್ಲಲ್ಲಿ ಒಂದೆರಡು ಗೂಡು ಕತ್ತರಿಸಿ ಪ್ಯೂಪದ ಬಣ್ಣ ನೋಡಿಕೊಳ್ಳಿ.